ಊರ ಹೊರಗ ಮನಿ ಕಟ್ಟಿದವರಿಗೆ



ವಾರ್ಷಿಕೋತ್ಸವದ ದಿನ ಮಾತಾಡಿದ್ದನ್ನೇ ಸ್ಮರಣ ಸಂಚಿಕೆಗೆ ಬರೆದುಕೊಡ್ರಿ ಅಕ್ಕೋರ ಅಂತ ಹುಡುಗರು ಗಂಟುಬಿದ್ದರು. ಅಂದು ಮಂಟಪದಾಗ ಇರದ ನೀವು, ಈಗ ಈ ಪುಸ್ತಕ ಕೈಯಲ್ಲಿ ಹಿಡಿದು ಓದುತ್ತಿರುವ ನೀವು, ನನ್ನ ಎದುರಿಗೇ ಕೂತೀರಿ ಅಂತ ತಿಳಿದು ಬರೆದಿದ್ದೇನೆ. ಮಾತು ಎಲ್ಲಾದರೂ ಒರಟಾದರೆ ಕನ್ನಡ ಶಾಲಿ ಅಕ್ಕೋರ ನಾಲಿಗಿ ಅಂತ ಬಿಟ್ಟುಬಿಡ್ರಿ.

ನನಗೆ ಕೊಟ್ಟ ವಿಷಯ ಶಿಕ್ಷಣ ಮತ್ತು ಯುವಕರು. ಕಲೀರಿ ಕಲೀರಿ ಅಂತ ಹೇಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅವರು ಹೇಳಿದ್ದು ಖರೇನೂ ಅದ. ನಾನು ಅದರ ಮುಂದಿನ ಮಾತು ಹೇಳುತ್ತೇನೆ. ಕಲಿತು ನೌಕರಿ ಸಿಕ್ಕ ಮೇಲೆ ನಮ್ಮ ಮಕ್ಕಳು ಎಲ್ಲಿ ಮನಿ ಮಾಡ್ತಾರ? ಮಾಡಿದ ಮೇಲೆ ಆ ಮನಿಯೊಳಗ ಹ್ಯಾಂಗ ಇರ್ತಾರ?

‘ಊರ ಹೊರಗೆ’ ಅನ್ನುವ ಮಾತು ನಮಗೆ ಹೊಸದಲ್ಲ. ಅಕ್ಕಲಕೋಟ ತಾಲೂಕಿನಲ್ಲಿ ನನ್ನ ತಾಯಿಯ ಊರು. ಅಲ್ಲಿ ನಮ್ಮ ಕೇರಿ ಊರ ಹೊರಗೇ ಇತ್ತು. ಊರು ಅಂದರೆ ಬೇರೆ, ಕೇರಿ ಅಂದರೆ ಬೇರೆ. ಊರಾಗ ಹೋಗಿ ಬರ್ತೀನಿ ಅಂತ ನಮ್ಮವ್ವ ಅನ್ನುತ್ತಿದ್ದಳು, ತಾನು ಆ ಊರಿನವಳೇ ಅಲ್ಲ ಅನ್ನುವ ಹಾಂಗ. ಬಾಬಾಸಾಹೇಬರು ಇದೇ ಪ್ರಶ್ನೆಯನ್ನು ಹಿಡಿದು ಶೋಧ ಮಾಡಿದರು. 1948ರಲ್ಲಿ ಬಂದ ‘ದಿ ಅನ್‌ಟಚೇಬಲ್ಸ್’ ಪುಸ್ತಕದಲ್ಲಿ ಅಸ್ಪೃಶ್ಯರು ಊರ ಹೊರಗೆ ಯಾಕೆ ವಾಸಿಸುತ್ತಾರೆ, ಮೊದಲಿಂದ ಹೊರಗೇ ಇದ್ದರೋ ಅಥವಾ ಒಳಗಿದ್ದವರನ್ನು ಹೊರಗೆ ಹಾಕಿದರೋ ಎಂದು ಕೇಳುತ್ತಾರೆ. ಎಲ್ಲರೂ ದಿನಾ ಕಣ್ಣಾರೆ ನೋಡುವ ಸಂಗತಿಯನ್ನು ಹಿಡಿದು ‘ಯಾಕೆ?’ ಅಂದ ಮನುಷ್ಯ ಅವರು.

ಈಗ ನಮ್ಮ ಸೋಲಾಪುರ ನೋಡ್ರಿ. ಇಲ್ಲಿ ರೊಕ್ಕ ಇದ್ದವರೇ ಊರ ಹೊರಗೆ ಹೋಗುತ್ತಿದ್ದಾರೆ. ವಿಜಾಪುರ ರೋಡಿಗೆ ಕಂಬರ ತಲಾವ ದಾಟಿದರೆ ಜುಳೆ ಸೋಲಾಪುರ, ಸೈಫುಲ್, ಅದರಾಚೆ ಸೋರೆಗಾಂವ. ಹೋಟಗಿ ರೋಡಿನ ಕಡೆಗೂ ಅದೇ ಕಥೆ. 1992ರಲ್ಲಿ ಮಹಾನಗರಪಾಲಿಕೆಯ ಹದ್ದು ಬೆಳೆದು ಸುತ್ತಲಿನ ಹಳ್ಳಿಗಳು ಶಹರದೊಳಗೆ ಬಂದವು. ಮಂದಿ ಇವತ್ತಿಗೂ ಅದಕ್ಕೆ ‘ಹದ್ದವಾಢ ಭಾಗ’ ಅಂತಲೇ ಅನ್ನುತ್ತಾರೆ. ಜೋಳದ ಹೊಲ ಇದ್ದಲ್ಲಿ ಪ್ಲಾಟು ಬಿದ್ದವು, ಪ್ಲಾಟಿನ ಮೇಲೆ ಬಂಗಲೆ ಎದ್ದವು, ಬಂಗಲೆಯ ಮುಂದೆ ಬೇವಿನ ಗಿಡ, ಗಿಡದ ಕೆಳಗೆ ಕಾರು. ಸಂಜೆ ಏಳಕ್ಕೆ ಎಲ್ಲರ ಗೇಟು ಮುಚ್ಚಿರುತ್ತವೆ. ಎಂಟಕ್ಕೆ ನಾಯಿ ಬೊಗಳಿದರೆ ಮೂರು ಗಲ್ಲಿಗೆ ಕೇಳಿಸುತ್ತದೆ. ಇಷ್ಟು ಶಾಂತ. ಯಾವ ಊರಂಚು ನಮಗೆ ಅವಮಾನವಾಗಿತ್ತೋ, ಅದೇ ಊರಂಚು ಇಂದು ಲಕ್ಷಗಟ್ಟಲೆ ಬೆಲೆ ಬಾಳುತ್ತದೆ. ಮೊದಲು ನಮ್ಮನ್ನು ದೂಡಿ ಊರ ಹೊರಗೆ ಇಟ್ಟರು. ಈಗ ನಾವೇ ಸಾಲ ತೆಗೆದು ಊರ ಹೊರಗೆ ಹೋಗುತ್ತಿದ್ದೇವೆ. ಈ ಎರಡು ಹೋಗುವುದರ ನಡುವೆ ಎಷ್ಟು ಅಂತರ ಅದ ಅನ್ನುವುದೇ ನನ್ನ ಇವತ್ತಿನ ಮಾತು.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ತೀನಿ. ವಸ್ತಿ ಬಿಟ್ಟು ಹೋದವರನ್ನು ಬೈಯಲಿಕ್ಕೆ ನಾನು ನಿಂತಿಲ್ಲ. ನಾನೂ ಹೋದವಳೇ. ನಮ್ಮಪ್ಪ ಗಿರಣಿ ಕಾರ್ಮಿಕ. ಗಿರಣಿಯ ಭೋಂಗಾಕ್ಕೆ ಏಳುತ್ತಿದ್ದ, ಭೋಂಗಾಕ್ಕೆ ಉಣ್ಣುತ್ತಿದ್ದ. ಒಂದು ಖೋಲಿಯಲ್ಲಿ ನಾವು ಏಳು ಮಂದಿ. ನಾನು ಹತ್ತನೇ ಇಯತ್ತೆಯ ಅಭ್ಯಾಸ ಮಾಡಿದ್ದು ರಸ್ತೆ ದೀಪದ ಕೆಳಗೆ ಅಂತ ಹೇಳಿದರೆ ನೀವು ಚಪ್ಪಾಳೆ ಹೊಡೀತೀರಿ. ಹೊಡೀಬ್ಯಾಡ್ರಿ. ಅದು ಹೆಮ್ಮೆ ಪಡುವ ಸಂಗತಿ ಅಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮದುವೆಯ ಡಿ.ಜೆ., ಸರದಿ ಸಾಲಿನ ಪಾಯಖಾನೆ, ಕಾಲು ಚಾಚಿ ಮಲಗಲಿಕ್ಕೆ ಇಲ್ಲದ ಜಾಗ, ಇವುಗಳ ನಡುವೆ ಒಬ್ಬ ಹುಡುಗಿ ಪಾಸಾದಳು ಅಂದರೆ ಅವಳ ಹಿಂದೆ ನಪಾಸಾದ ಇಪ್ಪತ್ತು ಹುಡುಗಿಯರು ಇದ್ದಾರೆ. ಆ ಇಪ್ಪತ್ತು ಮಂದಿ ದಡ್ಡರಲ್ಲ. ಅವರಿಗೆ ಎರಡು ತಾಸು ಸುಮ್ಮನಿರುವ ಜಾಗ ಸಿಗಲಿಲ್ಲ, ಅಷ್ಟೇ.

ಅದಕ್ಕೇ ಹೇಳ್ತೀನಿ, ಶಾಂತತೆ ಅನ್ನೋದು ಶ್ರೀಮಂತರ ಚೈನಿ ಅಲ್ಲ. ಅದು ನಮಗೂ ಬೇಕಾದ ಹಕ್ಕು. ನನ್ನ ಮಗಳು ತನ್ನ ಖೋಲಿಯ ಬಾಗಿಲು ಮುಚ್ಚಿಕೊಂಡು ಓದಿದಳು. ಆ ಮುಚ್ಚಿದ ಬಾಗಿಲಿಗೆ ನಾವು ಗಂಡ ಹೆಂಡತಿ ವರ್ಷಾನುಗಟ್ಟಲೆ ಬ್ಯಾಂಕಿನ ಹಪ್ತೆ ಕಟ್ಟಿದೆವು. ಕಟ್ಟಿದ್ದಕ್ಕೆ ನನಗೆ ಎಳ್ಳಷ್ಟೂ ಬ್ಯಾಸರ ಇಲ್ಲ. ‘ಸಾಹೇಬರಾದ್ರು, ವಸ್ತಿ ಮರೆತ್ರು’ ಅಂತ ಚೇಷ್ಟೆ ಮಾಡುವ ಹಿರಿಯರಿಗೆ ನಾನು ಕೇಳುವುದು ಒಂದೇ: ನಮ್ಮ ಮಕ್ಕಳು ಗದ್ದಲದಾಗೇ ಹುಟ್ಟಿ ಗದ್ದಲದಾಗೇ ಸಾಯಬೇಕು ಅಂತ ಯಾವ ಗ್ರಂಥದಾಗ ಬರದದ? ಬರೆದ ಗ್ರಂಥ ಇದ್ದರೆ ಅದನ್ನೇನು ಮಾಡಬೇಕು ಅಂತ 1927ರಲ್ಲಿ ಮಹಾಡದಲ್ಲಿ ತೋರಿಸಿದ್ದಾರೆ.

ಹೋಗುವುದು ತಪ್ಪಲ್ಲ. ಹೋದಲ್ಲಿ ಏನಾಗುತ್ತದೆ ಅನ್ನುವುದು ಪ್ರಶ್ನೆ.

ಹೊಸ ಬಡಾವಣೆಯಲ್ಲಿ ಭಾಡೆ ಮನಿ ಹುಡುಕಿದವರಿಗೆ ಈ ಅನುಭವ ಇರುತ್ತದೆ. ಗೇಟಿನ ಹತ್ತಿರ ನಿಂತು ಗಂಡ ಹೆಂಡತಿ ನಾವು ಕನ್ನಡದಲ್ಲಿ ಮಾತಾಡುವುದು ಮನಿ ಮಾಲಕಿನ ಕಿವಿಗೆ ಬಿತ್ತು. ಅವರ ಮುಖ ಅರಳಿತು. ‘ಕನ್ನಡದವರೇನ್ರಿ? ಹಂಗಾದ್ರ ನಮ್ಮವರೇ ಬಿಡ್ರಿ, ಒಳಗ ಬರ್ರಿ.’ ಸೋಲಾಪುರದಲ್ಲಿ ಮರಾಠಿ, ತೆಲುಗು, ಉರ್ದು, ಕನ್ನಡ ಎಲ್ಲ ಒಂದೇ ಸಂತೆಯಲ್ಲಿ ತಿರುಗುತ್ತವೆ. ಹಾಗಿದ್ದರೂ ತನ್ನ ಭಾಷೆ ಕೇಳಿದರೆ ಮನಸ್ಸು ಹಗುರಾಗುತ್ತದೆ. ನಮಗೂ ಆಯಿತು. ಒಳಗೆ ಕೂತೆವು. ನೀರು ತಂದುಕೊಟ್ಟರು. ಆಮೇಲೆ ಎರಡನೇ ಪ್ರಶ್ನೆ ಬಂತು: ‘ಅಡ್ಡಹೆಸರು ಏನ್ರಿ?’ ಹೇಳಿದೆವು. ಮೂರನೇದ್ದು ತಾನಾಗಿ ಬಂತು: ‘ನೀವು ಮಾಂಸ ತಿಂತೀರೇನು?’ ನಾಲ್ಕನೇ ಮಾತು ಪ್ರಶ್ನೆ ಆಗಿರಲಿಲ್ಲ: ‘ನಮ್ಮ ಅಣ್ಣನ ಮಗ ಬರ್ತೀನಿ ಅಂದಾನ್ರಿ, ಅಂವ ಬರದಿದ್ರ ನಿಮಗ ಫೋನ್ ಮಾಡ್ತೀವಿ.’

ಆ ಅಣ್ಣನ ಮಗನನ್ನು ನಾನು ಸೋಲಾಪುರದ ಎಷ್ಟೋ ಮನೆಗಳಲ್ಲಿ ಭೇಟಿಯಾಗಿದ್ದೇನೆ. ನೀವೂ ಆಗಿರಬೇಕು. ಯಾವಾಗಲೂ ಬರುತ್ತೇನೆ ಅಂದಿರುತ್ತಾನೆ, ಎಂದೂ ಬಂದಿರುವುದಿಲ್ಲ.

ನೋಡ್ರಿ, ಮೊದಲ ಪ್ರಶ್ನೆಗೂ ಎರಡನೇ ಪ್ರಶ್ನೆಗೂ ನಡುವೆ ಹತ್ತು ನಿಮಿಷವಿತ್ತು. ಆ ಹತ್ತು ನಿಮಿಷ ನಾವು ‘ನಮ್ಮವರು’ ಆಗಿದ್ದೆವು. ಗಡಿಯಲ್ಲಿರುವ ಕನ್ನಡಿಗರೆಲ್ಲ ಒಂದು ಅಂತ ಸಭೆ ಸಮಾರಂಭಗಳಲ್ಲಿ ಭಾಷಣ ಕೇಳ್ತೀವಿ. ನಾನು ಕನ್ನಡ ಕಲಿಸಿ ಅನ್ನ ಉಂಡವಳು. ಆ ಮಾತು ನಿಜವಾಗಬೇಕು ಅಂತ ನನಗಿಂತ ಆಸೆ ಪಟ್ಟವರು ಕಡಿಮೆ. ಆದರೆ ಅಡ್ಡಹೆಸರು ಕೇಳಿದ ಕೂಡಲೇ ಸಣ್ಣದಾಗುವ ‘ನಮ್ಮವರು’ ಇದ್ದರೆ ಅದು ಭಾಷೆಯ ನಂಟಲ್ಲ, ಜಾತಿಯ ನಂಟಿಗೆ ತೊಡಿಸಿದ ಅಂಗಿ.

ಇದು ಬರೀ ನಮ್ಮ ಸೋಲಾಪುರದ ಹಣೆಬರಹ ಅಲ್ಲ. ಪ್ರೊಫೆಸರ್ ಸುಖದೇವ ಥೋರಾತ್ ಮತ್ತು ಸಂಗಡಿಗರು ದೆಹಲಿ ಮತ್ತು ಅದರ ಸುತ್ತಿನ ಶಹರಗಳಲ್ಲಿ ಒಂದು ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಒಂದೇ ರೀತಿಯ ನೌಕರಿ, ಒಂದೇ ರೀತಿಯ ಮಾತು. ಹೆಸರು ಮಾತ್ರ ಬೇರೆ: ಮೇಲ್ಜಾತಿ ಹೆಸರು, ದಲಿತ ಹೆಸರು, ಮುಸ್ಲಿಂ ಹೆಸರು. ಫೋನಿನಲ್ಲೇ ದಲಿತ ಹೆಸರಿನವರಲ್ಲಿ ನೂರಕ್ಕೆ 18 ಮಂದಿಗೆ, ಮುಸ್ಲಿಂ ಹೆಸರಿನವರಲ್ಲಿ ನೂರಕ್ಕೆ 31 ಮಂದಿಗೆ ಮನಿ ಇಲ್ಲ ಅನ್ನುವ ಉತ್ತರ ಬಂತು. ಮನಿ ಕೊಡ್ತೀವಿ ಅಂದವರಲ್ಲೂ ಕೆಲವರು ಭಾಡೆ ಹೆಚ್ಚು, ಷರತ್ತು ಹೆಚ್ಚು ಹೇಳಿದರು. ರಾಜಧಾನಿಯಲ್ಲಿ ಓದಿದ, ಸಂಬಳದ ಮಂದಿಗೇ ಹೀಗೆ.

ಹೀಗಾಗಿ ನಮ್ಮ ಕೆಲವು ಹುಡುಗರು ಒಂದು ಉಪಾಯ ಹುಡುಕಿದ್ದಾರೆ. ಹೆಸರನ್ನೇ ಮುಚ್ಚಿಡುವುದು. ಅಡ್ಡಹೆಸರಿನ ಜಾಗದಲ್ಲಿ ಊರಿನ ಹೆಸರಿಗೆ ‘ಕರ್’ ಹಚ್ಚುವುದು. ಮನಿ ತುಂಬುವ ದಿನ ವಸ್ತಿಯವರನ್ನು ಕರೆಯದೇ ಇರುವುದು. ಬಾಬಾಸಾಹೇಬರ ಫೋಟೋ ಪಡಸಾಲೆಯಿಂದ ಮಲಗುವ ಖೋಲಿಗೆ, ಅಲ್ಲಿಂದ ಕಪಾಟಿನೊಳಗೆ. ಅವ್ವ ಬಂದರೆ ‘ಜೋರಾಗಿ ಮಾತಾಡಬ್ಯಾಡ, ಹೊರಗ ಕುಂದ್ರಬ್ಯಾಡ’ ಅನ್ನುವುದು. ನಾನು ಅಂಥವರನ್ನು ಹೀಗಳೆಯುವುದಿಲ್ಲ. ಮಕ್ಕಳಿಗೆ ತಲೆ ಮೇಲೊಂದು ಸೂರು ಬೇಕಾದಾಗ ಮನುಷ್ಯ ಏನೇನೋ ಮಾಡುತ್ತಾನೆ. ಬಾಬಾಸಾಹೇಬರಿಗೇ ಆ ಗತಿ ಬಂದಿತ್ತು.

1917ರಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದ ಅವರು ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ಇರಲಿಕ್ಕೆ ಯಾರೂ ಮನಿ ಕೊಡಲಿಲ್ಲ. ಒಂದು ಪಾರಸಿ ಧರ್ಮಶಾಲೆಯಲ್ಲಿ ಪಾರಸಿ ಹೆಸರು ಹೇಳಿ ಇಳಿದುಕೊಂಡರು. ಹನ್ನೊಂದನೇ ದಿನ ಬೆಳಿಗ್ಗೆ ಕೈಯಲ್ಲಿ ಬಡಿಗೆ ಹಿಡಿದ ಗುಂಪು ಬಂದು ನಿಂತಿತು. ಹೊರಗೆ ಹಾಕಿದರು. ಅಷ್ಟು ಓದಿದ ಮನುಷ್ಯ ಒಂದು ಸಾರ್ವಜನಿಕ ತೋಟದಲ್ಲಿ ಹೋಗಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಮುಂಬಯಿಗೆ ಹೊರಟರು. ಇದನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ.

ಮುಚ್ಚಿಟ್ಟ ಹೆಸರು ಹತ್ತೇ ದಿನ ಕಾಯ್ದಿತು. ಇದನ್ನು ನೆನಪಿಡ್ರಿ. ಮುಂದಿನದೂ ನೆನಪಿಡ್ರಿ. ಅದೇ ಮನುಷ್ಯ ಪರೇಲದ ಚಾಳಿನ ಸಣ್ಣ ಖೋಲಿಗಳಲ್ಲಿ ವರ್ಷಾನುಗಟ್ಟಲೆ ಬಾಳಿ, 1930ರ ದಶಕದ ಮೊದಲಿಗೆ ದಾದರಿನ ಹಿಂದೂ ಕಾಲನಿಯಲ್ಲಿ ಸ್ವಂತ ಮನಿ ಕಟ್ಟಿದರು. ಅದರ ಹೆಸರು ರಾಜಗೃಹ. ಅಲ್ಲಿಗೆ ಅವರು ಹೋದದ್ದು ಪುಸ್ತಕಗಳ ಸಲುವಾಗಿ, ಓದು ಬರಹಕ್ಕೆ ಬೇಕಾದ ಶಾಂತ ಜಾಗದ ಸಲುವಾಗಿ. ಆದರೆ ಹೋದದ್ದು ಅಂಬೇಡ್ಕರ್ ಅನ್ನುವ ಹೆಸರಿನಿಂದಲೇ. ಆ ಮನಿಯ ಬಾಗಿಲು ನಮ್ಮ ಮಂದಿಗೆ ಮುಚ್ಚಲಿಲ್ಲ. ಅಲ್ಲೂ ಎಲ್ಲ ಸುಖ ಅಂತ ನಾನು ಹೇಳುವುದಿಲ್ಲ. 2020ರ ಜುಲೈ 7ರಂದು ಅದೇ ರಾಜಗೃಹದ ಮೇಲೆ ಕಲ್ಲು ಬಿದ್ದು ಗಾಜು ಒಡೆದವು, ಹೂಕುಂಡ ಒಡೆದವು. ಅವರು ತೀರಿ ಅರವತ್ತು ವರ್ಷದ ಮೇಲಾದರೂ ಆ ಮನಿ ಯಾರ ಕಣ್ಣಿಗೋ ಚುಚ್ಚುತ್ತದೆ. ಚುಚ್ಚಲಿ. ಮನಿ ನಿಂತಿದೆ, ಹೆಸರೂ ನಿಂತಿದೆ. ಬರೋಡಾ ಒಂದು ದಾರಿ, ದಾದರ್ ಇನ್ನೊಂದು ದಾರಿ. ಹೋಗುವುದಾದರೆ ದಾದರಿನ ದಾರಿಯಲ್ಲಿ ಹೋಗ್ರಿ ಅಂತ ನನ್ನ ಕಳಕಳಿ.

ಹೆಸರು ಹೊರಬಿದ್ದರೆ ಏನಾಗುತ್ತದೆ ಅಂತ ಹುಡುಗರು ಹೆದರುತ್ತಾರೆ. ನನಗಾದದ್ದು ಹೇಳ್ತೀನಿ. ನಮ್ಮ ಓಣಿಯ ಮನಿಗಳಿಗೆ ಭಾಂಡೆ ತಿಕ್ಕಲಿಕ್ಕೆ ಬರುವ ಹೆಣ್ಣುಮಕ್ಕಳು ಯಾರು? ನಮ್ಮ ವಸ್ತಿಯವರೇ. ಹೋಗಿ ಎರಡು ತಿಂಗಳಾಗಿತ್ತು. ಎದುರು ಮನಿಯ ಬಾಯಿಯೊಂದಿಗೆ ಗೇಟಿನ ಹತ್ತಿರ ಮಾತಾಡುತ್ತ ನಿಂತಿದ್ದೆ. ಕೆಲಸ ಮುಗಿಸಿ ಹೊರಟ ಒಬ್ಬ ಮುದುಕಿ ನನ್ನನ್ನು ನೋಡಿ ನಿಂತಳು. ‘ಏ, ನೀ ನಮ್ಮ ಗಲ್ಲಿ ಗಿರಣಿ ಮಾಮಾನ ಮಗಳಲ್ಲ? ಇಲ್ಲಿ ಬಂದೀಯೇನವ್ವಾ!’ ಅಂದಳು, ಇಡೀ ಓಣಿಗೆ ಕೇಳುವ ಹಾಂಗ. ಎದುರು ಮನಿಯಾಕಿ ನನ್ನ ಮುಖ ನೋಡಿದಳು. ಅಲ್ಲೇ ಎಲ್ಲ ಲೆಕ್ಕ ಮುಗಿಯಿತು. ನಾನು ‘ಹೌದತ್ತಿ, ಅವರ ಮಗಳೇ. ಬಾ, ಒಳಗ ಕೂಡು, ಚಹಾ ಕುಡಿದು ಹೋಗು’ ಅಂದೆ. ಆ ಮುದುಕಿ ನಮ್ಮ ಸೋಫಾದ ಮೇಲೆ ಕೂತು ಚಹಾ ಕುಡಿದಳು. ಬೇರೆ ಮನಿಗಳಲ್ಲಿ ಅವಳಿಗೆ ಹಿತ್ತಲ ಕಟ್ಟಿಯ ಮೇಲೆ ಬೇರೆ ಕಪ್ಪು ಇಡುತ್ತಿದ್ದರು.

ಆ ವರ್ಷ ಸಂಕ್ರಾಂತಿಯ ಹಳದಿ ಕುಂಕುಮಕ್ಕೆ ಎದುರು ಮನಿಯಿಂದ ಕರೆ ಬರಲಿಲ್ಲ. ಮುಂದೆಯೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಸುಳ್ಳು ಯಾಕೆ ಹೇಳಬೇಕು? ಮನಸ್ಸಿಗೆ ಹತ್ತಿತು. ಆದರೆ ಅಂದು ರಾತ್ರಿ ನಾನು ನಿಶ್ಚಿಂತಿಯಿಂದ ಮಲಗಿದೆ. ಇನ್ನು ಮುಚ್ಚಿಡಲಿಕ್ಕೆ ಏನೂ ಉಳಿದಿರಲಿಲ್ಲ.

ಇನ್ನೊಂದು ಮನಿಯ ಅಜ್ಜಿ ಇದ್ದರು, ಲಿಂಗಾಯತರು. ಮೊಮ್ಮಕ್ಕಳು ಇಂಗ್ಲಿಷು ಮರಾಠಿ ಮಾತಾಡುತ್ತಿದ್ದವು, ಸೊಸಿಗೆ ಪುರುಸೊತ್ತಿಲ್ಲ. ಕನ್ನಡ ಮಾತಾಡಲಿಕ್ಕೆ ಅವರಿಗೆ ಆ ಓಣಿಯಲ್ಲಿ ನಾನೊಬ್ಬಳೇ. ದಿನಾ ಮಧ್ಯಾಹ್ನ ಬರುತ್ತಿದ್ದರು. ಚಹಾ ಅಂದರೆ ‘ಬ್ಯಾಡವಾ, ಹೊಟ್ಟಿ ಸರಿ ಇಲ್ಲ’ ಅನ್ನುತ್ತಿದ್ದರು. ಆರು ತಿಂಗಳು ಅವರ ಹೊಟ್ಟಿ ಸರಿಯಾಗಲಿಲ್ಲ. ಒಂದು ದಿನ ಜೋರು ಮಳಿ, ಮನಿಗೆ ಹೋಗುವ ಹಾಂಗಿರಲಿಲ್ಲ, ಚಳಿಗೆ ನಡುಗುತ್ತಿದ್ದರು. ‘ಹಾಕವಾ ಒಂದ್ ಕಪ್ಪು’ ಅಂದರು. ಆಮೇಲೆ ಅವರ ಹೊಟ್ಟಿಗೆ ಎಂದೂ ಏನೂ ಆಗಲಿಲ್ಲ. ಜಾತಿ ಹೋಯಿತು ಅಂತ ಇದರಿಂದ ನೀವು ತಿಳಿಯಬ್ಯಾಡ್ರಿ. ಒಬ್ಬ ಮುದುಕಿಯ ಬಾಯಾರಿಕೆ ಆರು ತಿಂಗಳಿಗೆ ಗೆದ್ದಿತು, ಅಷ್ಟೇ. ಆದರೆ ಅಷ್ಟಾದರೂ ಆಗಬೇಕಾದರೆ ನಾನು ಯಾರು ಅನ್ನುವುದು ಅವರಿಗೆ ಗೊತ್ತಿರಬೇಕಿತ್ತು. ಸುಳ್ಳು ಹೆಸರಿನ ಕೈಯಿಂದ ಚಹಾ ಕುಡಿದಿದ್ದರೆ ಅವರು ಗೆದ್ದಂತೆಯೂ ಅಲ್ಲ, ನಾನು ಗೆದ್ದಂತೆಯೂ ಅಲ್ಲ.

ಈಗ ಕಾಯ್ದೆಯ ಮಾತು. ಇದನ್ನು ಕಲಿತ ಹುಡುಗರಿಗೂ ಹೇಳಬೇಕಾಗಿದೆ. ಅಸ್ಪೃಶ್ಯತೆ ಆಚರಣೆಯನ್ನು ಸಂವಿಧಾನದ 17ನೇ ಕಲಮು ನಿಷೇಧಿಸಿತು. ಆ ಕಲಮಿಗೆ ಬಲ ಕೊಡಲಿಕ್ಕೆ 1955ರಲ್ಲಿ ಬಂದ ಕಾಯ್ದೆಗೆ ಈಗ ನಾಗರಿಕ ಹಕ್ಕು ಸಂರಕ್ಷಣ ಕಾಯ್ದೆ ಅನ್ನುತ್ತಾರೆ. ಅದರ 4ನೇ ಕಲಮಿನಲ್ಲಿ ಅಂಗಡಿ, ಬಾವಿ, ನದಿಗಳ ಸಾಲಿನಲ್ಲೇ ಇನ್ನೊಂದು ಮಾತು ಅದ: ಯಾವುದೇ ಬಡಾವಣೆಯಲ್ಲಿ ವಾಸದ ಮನಿ ಕಟ್ಟುವುದು, ಪಡೆಯುವುದು, ಅದರಲ್ಲಿ ಇರುವುದು. ಅಸ್ಪೃಶ್ಯತೆಯ ನೆಪದಿಂದ ಇದಕ್ಕೆ ಅಡ್ಡಿ ಮಾಡಿದರೆ ಅದು ಅಪರಾಧ. ಮಹಾರಾಷ್ಟ್ರದ 1960ರ ಸಹಕಾರಿ ಸಂಘಗಳ ಕಾಯ್ದೆಯೂ ಗೊತ್ತಿರಲಿ. ಹೌಸಿಂಗ್ ಸೊಸಾಯಟಿ ಸಾಕಷ್ಟು ಕಾರಣವಿಲ್ಲದೆ ಸದಸ್ಯತ್ವ ನಿರಾಕರಿಸುವ ಹಾಂಗಿಲ್ಲ. ಅರ್ಜಿ ಕೊಟ್ಟು ಮೂರು ತಿಂಗಳಾದರೂ ಉತ್ತರ ಬರದಿದ್ದರೆ ಸದಸ್ಯರಾದಂತೆಯೇ. ಅರ್ಜಿಯ ಪೋಚ್ ತೆಗೆದುಕೊಳ್ಳುವುದನ್ನು ಮಾತ್ರ ಮರೀಬ್ಯಾಡ್ರಿ.

ಕಾಯ್ದೆಗೆ ಮಿತಿಯೂ ಅದ. 2005ರಲ್ಲಿ ಅಹಮದಾಬಾದಿನ ಒಂದು ಪಾರಸಿ ಹೌಸಿಂಗ್ ಸೊಸಾಯಟಿ ಪಾರಸಿಗಳಿಗಷ್ಟೇ ಸದಸ್ಯತ್ವ ಕೊಡುವ ನಿಯಮವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಣ್ಣನ ಮಗನ ನೆಪ ಹೇಳುವವರನ್ನು ಕೋರ್ಟಿಗೆ ಎಳೆಯುವುದೂ ಸುಲಭವಲ್ಲ. ಬಾಯಲ್ಲಿ ಜಾತಿಯ ಹೆಸರು ಬರದ ಹಾಂಗ ಜಾತಿ ಮಾಡುವ ಕಲೆ ಈ ಶಾಂತ ಬಡಾವಣೆಗಳಲ್ಲಿ ಚೆನ್ನಾಗಿ ಬೆಳೆದಿದೆ. 2020ರ ಡಿಸೆಂಬರದಲ್ಲಿ ಮಹಾರಾಷ್ಟ್ರ ಸರಕಾರ ಜಾತಿಯ ಹೆಸರಿನ ವಸ್ತಿಗಳ ಹೆಸರು ಬದಲಿಸುವ ನಿರ್ಣಯ ಮಾಡಿತು. ಮಹಾರವಾಡಾ, ಮಾಂಗವಾಡಾ ಹೋಗಿ ಸಮತಾ ನಗರ, ಭೀಮ ನಗರ, ಕ್ರಾಂತಿ ನಗರ ಬರಬೇಕು. ಒಳ್ಳೆಯದೇ. ಫಲಕ ಬದಲಾಗಬೇಕು. ಆದರೆ ಫಲಕದ ಜಾತಿ ಅಳಿಸಿ ಅಡ್ಡಹೆಸರಿನ ಜಾತಿ ಹುಡುಕುವವರು ಇರುವ ತನಕ ಕೆಲಸ ಅರ್ಧ.

ಉಳಿದರ್ಧ ಕೆಲಸಕ್ಕೆ ಹೊಸ ಬಡಾವಣೆಗೆ ಹೋದ ನಾವೇ ಬೇಕು. ಹ್ಯಾಂಗ ಅಂತ ಹೇಳ್ತೀನಿ, ಎಲ್ಲ ಸಣ್ಣ ಸಣ್ಣ ಮಾತು.

ಗೇಟಿನ ಮೇಲೆ ಪೂರ್ತಿ ಹೆಸರು ಬರೆಸ್ರಿ, ಅಡ್ಡಹೆಸರು ಸಹಿತ. ಫೋಟೋ ಪಡಸಾಲಿಯೊಳಗ ಇರಲಿ. ಸೊಸಾಯಟಿಯ ವರ್ಷದ ಸಭೆಗೆ ತಪ್ಪದೆ ಹೋಗ್ರಿ, ಲೆಕ್ಕ ಕೇಳ್ರಿ. ಉಜನಿಯ ನೀರು ದಿನಾ ಬರದ ಊರು ನಮ್ಮದು. ಬೋರಿನ ನೀರು ಯಾವ ಓಣಿಗೆ ಮೊದಲು, ಟ್ಯಾಂಕರು ಯಾವ ಗೇಟಿಗೆ ನಿಲ್ಲಬೇಕು ಅನ್ನುವ ಮಾತು ಅಲ್ಲೇ ತೀರ್ಮಾನ ಆಗುತ್ತದೆ. ಚವದಾರ ಕೆರೆಯ ವಾರಸುದಾರರು ನೀರಿನ ಸಭೆಗೆ ಗೈರುಹಾಜರಾದರೆ ಹ್ಯಾಂಗ? ನಿಮ್ಮ ಹತ್ತಿರ ಭಾಡೆಗೆ ಕೊಡುವ ಖೋಲಿ ಇದ್ದರೆ ಅಡ್ಡಹೆಸರು ಕೇಳದೆ ಕೊಡ್ರಿ. ಮುಸಲ್ಮಾನರ ಹುಡುಗ ಕೇಳಿಕೊಂಡು ಬಂದರೆ ನಿಮ್ಮ ಬಾಯಲ್ಲೂ ‘ಅಣ್ಣನ ಮಗ’ ಬರದಿರಲಿ. ನಮ್ಮೊಳಗೇ ಹೊಲೆಯ, ಮಾದಿಗ, ಮಹಾರ, ಮಾಂಗ, ಢೋರ ಅಂತ ಎಣಿಸುತ್ತ ಕೂತರೆ ಎದುರು ಮನಿಯವರಿಗೆ ಬುದ್ಧಿ ಹೇಳುವ ಬಾಯಿ ನಮಗೆ ಇರುವುದಿಲ್ಲ.

ಇನ್ನು ವಸ್ತಿಯ ಮಾತು. ಕಲಿತವರು ಒಬ್ಬೊಬ್ಬರಾಗಿ ಹೋದಂತೆಲ್ಲ ಅಲ್ಲಿ ಅರ್ಜಿ ಬರೆದುಕೊಡುವವರು ಕಡಿಮೆಯಾದರು, ದವಾಖಾನೆಗೆ ಜೊತೆಗೆ ಬರುವವರು ಕಡಿಮೆಯಾದರು, ಹುಡುಗರನ್ನು ಗದರಿಸುವವರು ಕಡಿಮೆಯಾದರು. ಏಪ್ರಿಲ್ 14ಕ್ಕೆ ಕಾರಿನಲ್ಲಿ ಬಂದು, ಹಾರ ಹಾಕಿ, ಫೋಟೋ ತೆಗೆಸಿಕೊಂಡು ತಾಸಿನೊಳಗೆ ತಿರುಗಿ ಹೋಗುವವರನ್ನು ಹುಡುಗರು ಪ್ರತಿ ವರ್ಷ ನೋಡುತ್ತಾರೆ. ಅವರು ಮಾತಾಡುವುದಿಲ್ಲ, ಆದರೆ ನೋಡುತ್ತಾರೆ. ನಿಮಗೆ ಸಿಕ್ಕ ಶಾಂತತೆಯಲ್ಲಿ ಒಂದು ಪಾಲು ಅವರಿಗೂ ಸೇರಬೇಕು. ಈ ಸಂಘದ ಹುಡುಗರು ವಸ್ತಿಯಲ್ಲಿ ಒಂದು ಅಭ್ಯಾಸಿಕೆ ಮಾಡಬೇಕು ಅಂತಿದ್ದಾರೆ. ಅದಕ್ಕೆ ದೊಡ್ಡ ಕಟ್ಟಡ ಬ್ಯಾಡ. ಬಾಗಿಲು ಮುಚ್ಚುವ ಒಂದು ಖೋಲಿ, ಹತ್ತು ಕುರ್ಚಿ, ಎರಡು ಟ್ಯೂಬ್‌ಲೈಟು, ರಾತ್ರಿ ಹತ್ತರ ತನಕ ಹುಡುಗಿಯರು ನಿರ್ಭಯವಾಗಿ ಕೂಡುವಂಥ ಕಾವಲು. ಅಷ್ಟಾದರೆ ಆ ಇಪ್ಪತ್ತು ಹುಡುಗಿಯರಲ್ಲಿ ಹತ್ತು ಮಂದಿಯಾದರೂ ದಾಟುತ್ತಾರೆ. ಬಡಾವಣೆಯಲ್ಲಿರುವ ಪ್ರತಿಯೊಬ್ಬರೂ ಮನಿಯ ಹಪ್ತೆಯ ಜೊತೆಗೆ ಇದಕ್ಕೂ ತಿಂಗಳಿಗೊಂದು ಸಣ್ಣ ಹಪ್ತೆ ಕಟ್ರಿ. ವಾರಕ್ಕೊಮ್ಮೆ ಎರಡು ತಾಸು ಬಂದು ಕೂಡ್ರಿ. ಬರುವಾಗ ನಿಮ್ಮ ಮಕ್ಕಳನ್ನೂ ಕರೆತರ್ರಿ. ಅಜ್ಜ ಯಾವ ಖೋಲಿಯಲ್ಲಿ ಬಾಳಿದ ಅಂತ ಅವು ನೋಡಲಿ. ಕಾಣದ ಮಕ್ಕಳು ನಾಳೆ ಇದೇ ವಸ್ತಿಯ ಹೆಣ್ಣುಮಗಳಿಗೆ ಹಿತ್ತಲಲ್ಲಿ ಬೇರೆ ಕಪ್ಪು ಇಡುತ್ತವೆ.

ನಾನು ಇರುವ ಓಣಿ ಈಗಲೂ ಶಾಂತವಾಗಿದೆ. ಅಲ್ಲಿ ಇನ್ನೂ ಮೂರು ಮನಿಗಳ ಗೇಟಿನ ಮೇಲೆ ನಮ್ಮ ಅಡ್ಡಹೆಸರುಗಳು ಬಂದಿವೆ. ನೀವೂ ಬರ್ರಿ. ಪ್ಲಾಟು ಕೊಳ್ರಿ, ಗಿಡ ಹಚ್ರಿ, ಕಾಲು ಚಾಚಿ ಮಲಗ್ರಿ. ಕದ್ದು ಬರಬ್ಯಾಡ್ರಿ, ಹೆಸರು ಹೇಳಿ ಬರ್ರಿ. ಬಂದ ಮೇಲೆ ಹಿಂದಿನ ದಾರಿಯ ಮೇಲೆ ಹುಲ್ಲು ಬೆಳೆಯದ ಹಾಂಗ ನೋಡಿಕೊಳ್ರಿ.